ಜೇಬುಳ್ಳ ನೈಟಿ: ಏಳನೇ ಬ್ರೀಫ್

ನೂರಡಿ ರಸ್ತೆ, ಬ್ಯಾಟರಿ ಅಂಗಡಿಯ ಮೇಲಿನ ಕೋಣೆ.
ಕೆಳಗಿಂದ ಆಸಿಡ್ಡಿನ ವಾಸನೆ ಮೆಟ್ಟಿಲು ಹತ್ತಿ ಬರುತ್ತದೆ.
ಮೇಜಿನ ಮೇಲೆ ಜಯಶೀಲಕ್ಕ ಕಳಿಸಿದ ಮೂರು ನೈಟಿ:
ಹೂವಿನದೊಂದು, ಚುಕ್ಕಿಯದೊಂದು,
ಮೂರನೆಯದರ ಬಣ್ಣ ಯಾವುದೆಂದು
ನಾವಿಬ್ಬರೂ ಇನ್ನೂ ಒಪ್ಪಿಲ್ಲ.
ಅವಳು ಬದನೆಕಾಯಿ ಅನ್ನುತ್ತಾಳೆ,
ನಾನು 'ವೈನ್' ಎಂದು ಹಾಕಿದ್ದೇನೆ.
ಬದನೆಗಿಂತ ವೈನಿಗೆ ಅರವತ್ತು ರೂಪಾಯಿ ಜಾಸ್ತಿ.

ಧನ್ಯತಾ ಅವರಿಗೆ, ನಮಸ್ಕಾರ.
ನಿಮ್ಮ ನಲವತ್ತೆರಡು ಸಾವಿರ ಮಂದಿಗೆ
ಮೊದಲ ಮೂರು ಸೆಕೆಂಡಿನಲ್ಲಿ ಜೇಬು ಕಾಣಬೇಕು.
ಮುಖ ಆಮೇಲೆ.
'ಅಗ್ಗ' ಅನ್ನಬೇಡಿ, 'ಕೈಗೆಟಕುವ' ಅನ್ನಿ.
'ನೈಟಿ' ಅನ್ನಬೇಡಿ, 'ಹೋಮ್ ವೇರ್' ಅನ್ನಿ.

(ಫೋನಿನಲ್ಲಿ ಜಯಶೀಲಕ್ಕ:
"ನೈಟೀನ ನೈಟಿ ಅನ್ದೆ ಇನ್ನೇನಂದಾರು ಕಣವ್ವ?"
ಹೊಡೆದುಹಾಕಿದೆ. ನೈಟಿ ಅನ್ನಿ.)

ಹಿಂದಿನ ಗೋಡೆಯಲ್ಲಿ ಕ್ಯಾಲೆಂಡರ್ ಬೇಡ.
ಕುಕ್ಕರಿನ ಸದ್ದು ಬೇಡ; ಬೇಕೇ ಬೇಕೆಂದರೆ ಒಂದೇ ಸೀಟಿ.
ನಗು: ಸಹಜವಾಗಿ, ಎರಡು ಸಲ.
ಹಣ ಪಡೆದ ಪ್ರಚಾರ ಎಂಬುದನ್ನು
ಸಣ್ಣಕ್ಷರದಲ್ಲಾದರೂ ಹಾಕಲೇಬೇಕು.
ಉಳಿದದ್ದನ್ನು ನಿಮ್ಮದೇ ಮಾತಿನಲ್ಲಿ ಹೇಳಿ.
ನಿಮ್ಮದೇ ಮಾತುಗಳನ್ನು ಕೆಳಗೆ ಬರೆದಿದ್ದೇನೆ.

ಇಲ್ಲಿಗೆ ಬಂದು ಕರ್ಸರು ಮಿಣುಕುತ್ತ ನಿಲ್ಲುತ್ತದೆ.
'ಇದು ಬಂದ ಮೇಲೆ ನನ್ನ ಬೆಳಗೇ ಬದಲಾಯಿತು.'
ನೈಟಿಯಿಂದ ಬೆಳಗು ಬದಲಾದವರನ್ನು
ಮಂಡ್ಯದಲ್ಲಂತೂ ನಾ ಕಾಣೆ.

ಹಿಂದಿನ ಆರು ಬ್ರೀಫ್‌ಗಳ ಗತಿ ಹೇಳುವಂಥದ್ದಲ್ಲ.
ಮದ್ದೂರಿನ ಹುಡುಗನೊಬ್ಬ ನೈಟಿ ತೊಟ್ಟು ಕುಣಿದ.
ಮೂರು ಲಕ್ಷ ಮಂದಿ ನಕ್ಕರು,
ಆರ್ಡರು ನಾಲ್ಕು, ಅದರಲ್ಲಿ ಎರಡು ವಾಪಸ್ಸು.
ಬಂದ ಪ್ರಶ್ನೆ ಮಾತ್ರ ಒಂದೇ, ಮತ್ತೆ ಮತ್ತೆ:
ಜೇಬು ಯಾಕೆ ಎಡಕ್ಕೆ? ಎಲ್ಲರೂ ಬಲಗೈಯವರಲ್ಲವೆ?

ಕೇಳಿದೆ ಒಂದು ಸಂಜೆ, ಕಲ್ಲಹಳ್ಳಿಯ ಶೆಡ್ಡಿನಲ್ಲಿ.
ಮೆಹರುನ್ನೀಸಾ ಮೆಷಿನ್ ನಿಲ್ಲಿಸಿ
ದಾರ ಪೋಣಿಸುವ ನೆಪದಲ್ಲಿ ತಲೆ ತಗ್ಗಿಸಿದಳು.
ಜಯಶೀಲಕ್ಕ ಹೇಳಿದಳು, ಬಟ್ಟೆ ಮಡಿಸುತ್ತ,
ಯಾರದೋ ಮನೆಯ ಸುದ್ದಿಯ ಹಾಗೆ:
ಹತ್ತೊಂಬತ್ತು ವರ್ಷ ವಿಮೆಯ ಕಂತು ವಸೂಲಿಗೆ
ಸ್ಕೂಟಿಯಲ್ಲಿ ಊರೂರು ಸುತ್ತಿದ್ದು.
ಕಮಿಷನ್ ಬಂದ ದಿನ ವ್ಯಾನಿಟಿ ಬ್ಯಾಗು
ಹೊಸಿಲು ದಾಟುವ ಮೊದಲೇ ಇನ್ನೊಬ್ಬರ ಕೈಯಲ್ಲಿ.
ಅಕ್ಕಿ ಡಬ್ಬ, ಬೀರು, ದೇವರ ಪಟದ ಹಿಂದೆ,
ಎಲ್ಲ ಜಾಗವೂ ಅವರಿಗೆ ಗೊತ್ತು.
ಒಂದು ರಾತ್ರಿ ಪಕ್ಕದ ಹೊಲಿಗೆ ಬಿಚ್ಚಿ
ದಿಂಬಿನ ಬಟ್ಟೆಯಲ್ಲೊಂದು ಚೀಲ ಹೊಲಿದುಕೊಂಡಳಂತೆ.
"ನಾನು ಎಡಮಗ್ಗುಲಿಗೇ ಮಲಗೋದು ಕಣವ್ವ.
ತಗೀಬೇಕು ಅಂದ್ರೆ ನನ್ನ ಎಬ್ಬಿಸ್ಲೇಬೇಕು."

ನನ್ನ ಕೈ ಆಗಲೇ ತುರಿಸುತ್ತಿತ್ತು.
ಇಂಥ ಕತೆಗೆ ಸಂಗೀತವೂ ಬೇಡ, ಲೈಟೂ ಬೇಡ,
ಒಂದೇ ದಿನಕ್ಕೆ ಗೋಡೌನು ಖಾಲಿ.
ಅವಳು ನನ್ನ ಮುಖ ಓದಿದಳು.
"ಅದ್ನ ಬರೀಬ್ಯಾಡ. ಅವ್ರು ಇನ್ನೂ ಮನೇಲೇ ಅವ್ರೆ."

ಹಾಗಾಗಿ ಬ್ರೀಫಿನಲ್ಲಿ ಹೀಗಿದೆ:
ಜೇಬು ಒಂದೇ, ಎಡಕ್ಕೆ. ಆಳ ಒಂಬತ್ತು ಇಂಚು.
ಒಳಗೇನಿದೆಯೆಂದು ಹೊರಗೆ ಉಬ್ಬಿ ಕಾಣುವುದಿಲ್ಲ.
ದಯವಿಟ್ಟು ಈ ಸಾಲನ್ನು ಬದಲಿಸಬೇಡಿ.

ಗುರುವಾರ ಧನ್ಯತಾಳ ವಿಡಿಯೋ ಬಂತು.
ಹೇಳಿದಲ್ಲೆಲ್ಲ ನಕ್ಕಿದ್ದಾಳೆ, ಎರಡೇ ಸಲ.
ನನ್ನ ಮಾತನ್ನು ತನ್ನದೆಂಬಂತೆ ಒಪ್ಪಿಸಿ
ಕ್ಯಾಮೆರಾ ಆರಿಸಲು ಮರೆತು ತಿರುಗಿದಾಗ
ಒಳಗಿನ ಕೋಣೆಯಿಂದ ಯಾರೋ ಅವಳ ಹೆಸರು ಕೂಗಿದರು.
ಅವಳ ಎಡಗೈ ಜೇಬಿಗಿಳಿಯಿತು,
ಮಣಿಕಟ್ಟು ಮುಳುಗುವವರೆಗೆ,
ಅಲ್ಲೇ ಮುಷ್ಟಿಯಾಗಿ ನಿಂತಿತು.
ಅದು ನಾನು ಬರೆದದ್ದಲ್ಲ.

ಧನ್ಯತಾ ಅವರಿಗೆ, ತಿದ್ದುಪಡಿ ಒಂದೇ:
ಕೂಗಿದ ದನಿಯನ್ನು ತೆಗೆಯಿರಿ,
ಕೊನೆಯ ಎರಡು ಸೆಕೆಂಡು ಕತ್ತರಿಸಬೇಡಿ.
ಬಾಕಿ ಹಣ ಸೋಮವಾರ.
ಯಾವ ಖಾತೆಗೆ ಹಾಕಲಿ ಎಂಬುದನ್ನು
ಫೋನಿನಲ್ಲಲ್ಲ, ಬರೆದು ತಿಳಿಸಿ.