ಹೆಸರು ಕೊರೆಯುವ ಅಂಗಡಿ

ನೂರಾ ಹನ್ನೆರಡು ಪುಟ ನಡೆದಿದ್ದಾಳೆ,
ಇನ್ನೂ ಹೆಸರಿಲ್ಲ.
ನೀಲವ್ವ ಎಂದು ಬರೆದು ನೋಡಿದೆ: ಹಣೆಯ ಮೇಲೆ
ನಾನು ಹಚ್ಚದ ವಿಭೂತಿ.
ಜೈನಾಬಿ ಎಂದೆ: ಓದುಗರು ಆಗಲೇ
ಅವಳ ಓಣಿಗೆ ಹೋಗಿ ನಿಂತಿದ್ದರು.
ಸುಚಿತ್ರಾ ಎಂದೆ,
ತಿರುಗಿಯೂ ನೋಡಲಿಲ್ಲ.

ಎಲ್ಲ ಅಳಿಸಿದೆ. ಕ್ರಿಯಾಪದ ಬಿಡಬೇಕಲ್ಲ!
ಬಂದಳೋ, ಬಂದರೋ,
ಬಾಲದಲ್ಲೇ ಕೇಳುತ್ತದೆ ನಮ್ಮ ಕನ್ನಡ:
ಕೂಡ್ರಿಸಲೋ, ನಿಲ್ಲಿಸಲೋ?

ನಮ್ಮ ಅಜ್ಜಿ ಅರವತ್ತು ವರ್ಷ ಅಜ್ಜನ ಕಥೆ ಹೇಳಿದಳು
ಒಮ್ಮೆಯೂ ಹೆಸರು ಹಿಡಿಯದೆ.
ಯಾರ ಕಥೆ ಎಂದು ಯಾರೂ ಕೇಳಲಿಲ್ಲ.
ಬ್ಯಾಂಕಿನವನು ಕೇಳಿದಾಗ ಮಾತ್ರ
ನನ್ನ ಕೈ ಹಿಂಡಿದಳು: ನೀನೇ ಹೇಳು.

ಇದನ್ನೆಲ್ಲ ತೋಡಿಕೊಂಡಿದ್ದು ಚೌಕಿಪೇಟೆಯ
ಪಾತ್ರೆ ಅಂಗಡಿಯ ಮೆಟ್ಟಿಲ ಮೇಲೆ,
ಬುಡೇನ್ ಸಾಬರ ಮುಂದೆ.
ಮೂವತ್ತೊಂದು ವರ್ಷದಿಂದ ಸ್ಟೀಲಿಗೆ ಹೆಸರು ಕೊರೆಯುವವರು.
ಸೂಜಿ ಗುಂಯ್‌ಗುಡುತ್ತಿತ್ತು, ಅರ್ಧ ಕೇಳಿಸಿತೋ ಏನೋ.
"ಪಾತ್ರಕ್ಕೆ ಹೆಸರು ಅಂದ್ರೆ ಪಾತ್ರೆಗೆ ಹಿಡಿ ಇದ್ದಂಗಂತೆ" ಎಂದೆ,
ಯಾವುದೋ ಭಾಷಣದಲ್ಲಿ ಕೇಳಿದ್ದನ್ನು.
ಕನ್ನಡಕ ಹಣೆಗೇರಿಸಿದರು:
"ಕೊಡಕ್ಕೆಲ್ಲೈತ್ರಿ ಹಿಡಿ?"

ಮತ್ತೆ ಮದುವೆಯ ತಟ್ಟೆಗಳು. ಒಂದೊಂದರ ಮೇಲೂ
ಪ್ರೀತಿಯ ಉಡುಗೊರೆ, ಹೊನ್ನಾಳಿ ಸೋದರಮಾವ.
"ಕೊಟ್ಟೋರ್ದು ಹಾಕಸ್ತಾರ್ರಿ,
ತಿಕ್ಕೋರ್ದು ಯಾರ್ ಹಾಕಸ್ತಾರೆ?"

ಆಗ ಒಬ್ಬಳು ಬಂದಳು
(ಬಂದರು ಎನ್ನಬೇಕಿತ್ತೇನೋ),
ಮೊಣಕೈವರೆಗೆ ಮಂಡಕ್ಕಿ ಭಟ್ಟಿಯ ಮಸಿ.
ಕೊಡವನ್ನು ಬೆರಳ ಗೆಣ್ಣಿನಿಂದ ಬಡಿದು
ನಾದ ಕೇಳಿ ಕೊಂಡಳು.
ಸಾಬರು ಸೂಜಿ ಎತ್ತಿದರು: "ಹೆಸ್ರು?"
"ಬ್ಯಾಡ. ನಳದ ಹತ್ರ ಹತ್ತು ಕೊಡ ಇಟ್ರೂ
ನಂದು ನೆಗ್ಗಿನ ಮ್ಯಾಲೆ ಗೊತ್ತಾಗ್ತತಿ."
"ಇದಕ್ಕೆ ನೆಗ್ಗೇ ಇಲ್ಲಲ್ಲವ್ವ?"
"ಬೀಳ್ತತಿ ಬಿಡ್ರಿ."

ಚಿಲ್ಲರೆ ಎಣಿಸಿಕೊಂಡು ಹೋದಳು.
ನಿನ್ನ ಹೆಸರೇನವ್ವ ಎಂಬುದು
ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ.

ರಾತ್ರಿ ಒಂದನೇ ಪುಟಕ್ಕೆ ಮರಳಿದೆ.
ಫಳಫಳ ಹೊಳೆಯುತ್ತ ನಿಂತಿದ್ದಳು,
ಒಂದು ಗೀರಿಲ್ಲ,
ಯಾರ ಕೈಯೂ ತಾಗಿದ ಗುರುತಿಲ್ಲ.
ತುಂಬಿದ ಕೊಡದ ಸಮೇತ
ನಳದ ಕಟ್ಟೆಯಿಂದ ಅವಳನ್ನು
ಮೆಲ್ಲಗೆ ಜಾರಿಸಿದೆ.

ಎದ್ದಳು, ಸೆರಗು ಹಿಂಡಿಕೊಂಡಳು,
ನನ್ನ ಹೆಸರು ಹಿಡಿದು ಬೈದಳು.