ಸಿಪ್ಪೆಯ ಲೆಕ್ಕ

ನೀಲಿ ಪೀಪಾಯಿಯ ಮುಚ್ಚಳ ಇವತ್ತು ತೆಗೆಯುವ ಹಾಗಿಲ್ಲ.
ಮೈಮೇಲೆ ಸೀಮೆಸುಣ್ಣದ ಗೀಟು, ದಿನಕ್ಕೊಂದು;
ಇನ್ನೂ ಎರಡು ಬಾಕಿ.
ದುರೊಟಿಮಿ ಮಾತ್ರ ಬಂದು ಕಿವಿಯಿಟ್ಟು ಕೇಳುತ್ತಾನೆ:
"ಒಳಗೆ ಏನೋ ಮಾತಾಡ್ತಿದೆ, ಅಬೇನಿ."
ಮಾತಾಡಲಿ ಬಿಡು.

ಎಪೆ ಊರಿನ ಹಿಂದೆ, ಹಿನ್ನೀರಿಗೆ ಇಳಿಯುವ ದಾರಿಯಲ್ಲಿ
ನಾವು ಗಾರಿ ಹುರಿಯುವ ಚಪ್ಪರ.
ಹನ್ನೊಂದು ಹೆಂಗಸರು, ಹನ್ನೊಂದು ಚೂರಿ.
ಬೆಳಗಾದರೆ ಮರಗೆಣಸಿನ ಮೈ ಬಿಚ್ಚುತ್ತೇವೆ.
ಬಿಳಿಯದು ತುರಿಗೆ, ಗೋಣಿಗೆ, ಬಾಣಲೆಗೆ.
ಕಂದು ಸಿಪ್ಪೆ ಹಿತ್ತಲಿಗೆ.
ಹಿತ್ತಲ ಗುಡ್ಡ ನಾನು ಹುಟ್ಟುವ ಮೊದಲೇ ಇತ್ತಂತೆ,
ಮಳೆಗೆ ಕೊಳೆಯುತ್ತ, ಬಿಸಿಲಿಗೆ ಹೊಗೆಯಾಡುತ್ತ.
ಒಮ್ಮೆ ಪಕ್ಕದ ಮನೆಯ ಆಡು ಹಸಿ ಸಿಪ್ಪೆ ಮೆದ್ದು
ಬಾಯಲ್ಲಿ ನೊರೆ, ಕಾಲು ಸೆಟೆದು, ಸಂಜೆಯೊಳಗೆ ತಣ್ಣಗೆ.
ಅವ್ವ ಆಡಿನ ದುಡ್ಡನ್ನು ಮೂರು ಸಂತೆಯ ಕಂತಿನಲ್ಲಿ ಕಟ್ಟಿದಳು.
ಆಮೇಲೆ ಅಂದಳು: ಗೆಣಸು ತನ್ನ ವಿಷವನ್ನೆಲ್ಲ
ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿರುತ್ತದೆ.

ದುರೊಟಿಮಿಗೆ ಕೊಳ ನಾಲ್ಕು. ಎರಡನ್ನು ಬತ್ತಿಸಿದ್ದ.
ಮೀನಿನ ತಿಂಡಿ ಹಡಗಿನಲ್ಲಿ ಬರಬೇಕು;
ಹೋದ ವರ್ಷ ಒಂದು ಚೀಲ ಬರುತ್ತಿದ್ದ ದುಡ್ಡಿಗೆ ಈಗ ಅರ್ಧ.
ಚೀಲದ ಮೇಲೆ ನಗುವ ಮೀನಿನ ಚಿತ್ರ.
"ಒಳಗಿರುವುದೂ ಮೀನೇ," ಅಂದ.
"ಯಾವುದೋ ಕಡಲಿನ ಬೆರಳುದ್ದದ ಮೀನು,
ಯಾರದೋ ಸಾರಿಗೆ ಬೀಳಬೇಕಾದದ್ದು,
ಹುಡಿಯಾಗಿ ಬಂದು ನನ್ನ ಮೀಸೆಮೀನಿನ ಹೊಟ್ಟೆಗೆ.
ಮೀನು ಸುರಿದು ಮೀನು ಎತ್ತುವ ವ್ಯಾಪಾರ
ನನಗೆ ಯಾರು ಕಲಿಸಿದರೋ."

ಮೊದಲ ಪೀಪಾಯಿ ಕೆಟ್ಟಿತು.
ನಾನೇ ಕೆಡಿಸಿದೆ, ಆಸೆಗೆ ದಿನಾ ಮುಚ್ಚಳ ತೆಗೆದು ನೋಡಿ.
ಗಾಳಿ ಹೊಕ್ಕಿತು, ಕಪ್ಪು ಬೂಷ್ಟು ಗಡ್ಡ ಬಿಟ್ಟಿತು,
ಹೆಂಗಸರು ಮೂಗು ಮುಚ್ಚಿಕೊಂಡೇ ನಕ್ಕರು.
ಬಾಣಲೆಯ ಮುಂದಿನ ಇಯಾ ರೊಂಕೆ ನಗಲಿಲ್ಲ:
"ಗಾರಿ ಹುಳಿಯಾಗಲು ಗೋಣಿಯ ಮೇಲೆ ಕಲ್ಲು ಹೇರಿ ಕಾಯ್ತೀಯ.
ಅದೇ ಗೆಣಸಲ್ಲವಾ? ಸಿಪ್ಪೆಗೆ ಯಾಕೆ ಅವಸರ?
ಸಣ್ಣಗೆ ಕೊಚ್ಚು. ತೊಳೆ. ಹಿಂಡು.
ತಾಳೆಹೆಂಡದ ಗಡಿಗೆಯ ತಳದ ಗಸಿ ಒಂದು ಬೊಗಸೆ.
ತುಳಿ, ಗಾಳಿಗೆ ಜಾಗ ಬಿಡಬೇಡ.
ಮುಚ್ಚು. ಮರೆ."

ಮರೆಯುವುದೇ ಕಷ್ಟ.

ದುರೊಟಿಮಿ ಎಂದರೆ ನನ್ನ ಜೊತೆ ನಿಲ್ಲು ಎಂದು.
ಅವನಿಗಿಂತ ಮೊದಲಿನ ಮೂರೂ ಕೂಸುಗಳು ನಿಲ್ಲದೆ ಹೋದವು;
ತಾಯಿ ಹೆಸರಿನಲ್ಲೇ ಬೇಡಿಕೊಂಡಿದ್ದಳು.
ಪೀಪಾಯಿಯ ಮೈ ತಟ್ಟುತ್ತ ಅವನು ಏನೋ ಗೊಣಗುತ್ತಾನೆ.
ಯಾರಿಗೆ ಹೇಳುತ್ತಾನೆ, ನಾನು ಕೇಳಿಲ್ಲ.

ಎರಡನೆಯದು ತೆರೆದಾಗ ಶುದ್ಧ ಹುಳಿ,
ಹಸುಗೂಸಿಗೆ ಕುಡಿಸುವ ಓಗಿ ಗಂಜಿಯ ವಾಸನೆ.
ಒಣಗಿಸಿ, ಹುಡಿಮಾಡಿ, ಚೀಲದ ತಿಂಡಿ ಮೂರು ಪಾಲಿಗೆ
ನಮ್ಮದು ಒಂದು.
ಹೆಚ್ಚು ಹಾಕಿದರೆ ಮೀನು ಸೊರಗುತ್ತವೆ.
ಚೀಲದ ಸಹವಾಸ ಪೂರಾ ಬಿಟ್ಟಿಲ್ಲ, ಸುಳ್ಳು ಯಾಕೆ ಹೇಳಲಿ.
ಮೊದಲ ದಿನ ಮೀಸೆಗಳು ಬಂದವು, ಮುಟ್ಟಿದವು, ಹಿಂದೆ ಸರಿದವು.
ಎರಡನೆಯ ದಿನವೂ.
ದುರೊಟಿಮಿ ದಂಡೆಯ ಮೇಲೆ ಕೂತವನು ಊಟಕ್ಕೂ ಏಳಲಿಲ್ಲ.
ಮೂರನೆಯ ಸಂಜೆ ಕೊಳ ಕುದಿಯಿತು,
ಬೆಂಕಿಯಿಲ್ಲದೆ.

ಹಿತ್ತಲ ಗುಡ್ಡ ಈಗ ಸೊಂಟದೆತ್ತರ.
ಅದರ ಬದಿಗೆ ಯಾರೋ ಬೆಂಡೆ ಬಿತ್ತಿದ್ದಾರೆ.
ನಿನ್ನೆ ಅವನು ಒಂದು ಮೀನು ತಂದ, ಅವ್ವನಿಗೆಂದು,
ತಕ್ಕಡಿಗೆ ಹಾಕುವ ಮೊದಲೇ.
ಅವಳು ಕುದಿನೀರಿಗೆ ಗಾರಿ ಸುರಿದು ತಿರುವಿ ಮುದ್ದೆ ಮಾಡಿದಳು,
ತಾಳೆಯ ಕೆಂಪೆಣ್ಣೆಯ ಸಾರಿಗೆ ಮೀನು.
ಮುದ್ದೆ ಮುರಿದು ಅದ್ದಿದವಳು ಕೈ ತಡೆದಳು.
"ಅಂಗಿ ಬಿಚ್ಚಿದವಳೂ ನಾನೇ," ಅಂದಳು,
"ಈಗ ಮತ್ತೆ ತೊಡಿಸುತ್ತಿರುವವಳೂ ನಾನೇ."
ನುಂಗಿದಳು.
ಮುಳ್ಳನ್ನು ತಟ್ಟೆಯ ಅಂಚಿಗಿಟ್ಟು, ಬೆರಳು ನೆಕ್ಕಿ,
ಆ ಆಡಿನ ದುಡ್ಡು ಇನ್ನಾದರೂ ಹುಟ್ಟೀತೇ
ಎಂದು ಕೇಳಿದಳು.