ಹದಿಮೂರು ಸಾಲು, ಸಾಲಿಗೆ ನಾಲ್ಕು

ಸಿಯೆನ್‌ಫ್ಯೂಗೋಸ್‌ನಲ್ಲಿ ಕರೆಂಟು ಹೋಗಿ ಹದಿನಾಲ್ಕು ಗಂಟೆ.
ಮೂರನೇ ಮಹಡಿಯ ಅಡುಗೆಮನೆಯಲ್ಲಿ ಓದಾಲ್ಮಿಸ್
ಹಣೆಗೆ ಟಾರ್ಚು ಕಟ್ಟಿಕೊಂಡು
ಎರಡು ಮೊಟ್ಟೆ ಟ್ರೇಗಳಲ್ಲಿ ಸೆಲ್ಲು ನಿಲ್ಲಿಸುತ್ತಿದ್ದಾಳೆ.
ಮೊಟ್ಟೆ ಕಂಡು ತಿಂಗಳುಗಳಾದವು. ಟ್ರೇ ಉಳಿದಿದೆ.

ಒಂದೊಂದಕ್ಕೂ ಒಂದೊಂದು ಪೂರ್ವಜನ್ಮ:
ಈ ಆರು, ಮುಚ್ಚಿಹೋದ ನೋಟರಿ ಕಚೇರಿಯ ಲ್ಯಾಪ್‌ಟಾಪಿನವು;
ಈ ಹತ್ತು, ಯಾರದೋ ಅತ್ತೆ ಮಯಾಮಿಯಿಂದ ಕಳಿಸಿದ
ವ್ಯಾಕ್ಯೂಮ್ ಕ್ಲೀನರಿನವು
(ಆ ಮನೆಯಲ್ಲಿ ಜಮಖಾನೆಯೇ ಇರಲಿಲ್ಲ);
ಇದೊಂದು, ಹುಟ್ಟುಹಬ್ಬಗಳಿಗೆ ಅರಚಿ ಅರಚಿ
ಗಂಟಲು ಹೋದ ಸ್ಪೀಕರಿನದು.
ಮೀಟರಿನ ಕಡ್ಡಿ ಮುಟ್ಟಿಸಿ
ಸೊಂಟದ ಮೇಲೆ ಮಾರ್ಕರಿನಲ್ಲಿ ಬರೆಯುತ್ತಾಳೆ:
ಮೂರು ಪಾಯಿಂಟ್ ಆರು ಎರಡು.
ಮೂರು ಪಾಯಿಂಟ್ ಆರು ಒಂದು.
ಎರಡು ಪಾಯಿಂಟ್ ಒಂದು. ಇದು ಮರಳಿನ ಬಕೆಟ್ಟಿಗೆ.

ಒಂದು ವಾರ ಬಿಟ್ಟು ಮತ್ತೆ ಅಳೆದಳು.
ಯಾರ ಕೆಲಸವನ್ನೂ ಮಾಡದೆ, ಕೂತಲ್ಲೇ
ಇಳಿದುಹೋಗಿದ್ದವು ನಾಲ್ಕು.
‘ಮನುಷ್ಯರಲ್ಲೂ ಇದ್ದಾರೆ’ ಎಂದಳು.
ಹೆಸರು ಹೇಳಲಿಲ್ಲ.

ಸೈಕಲ್ಲು ರೈನೇರಿಯೊನದು. ಹಲ್ಲುಸೆಟ್ಟು ಮಾಡುವವನು.
ಬೂಟಿನ ಡಬ್ಬಿಯಲ್ಲಿ ದವಡೆಗಳನ್ನು ಹತ್ತಿಯಲ್ಲಿ ಸುತ್ತಿ
ಪಾಲ್ಮೀರಾಗೆ, ಕ್ರೂಸೆಸ್‌ಗೆ ಒಯ್ಯುತ್ತಿದ್ದ,
ನಗುವವರ ಮನೆ ಬಾಗಿಲಿಗೆ ನಗು.
ಈಗ ನಾಲ್ಕು ತಿಂಗಳಿಂದ ಹಠದ ಕತ್ತೆಯನ್ನು ತಳ್ಳಿದಂತೆ ತಳ್ಳುತ್ತಾನೆ.
ಚೌಕಟ್ಟಿನ ನಡುವೆ ಮುಕ್ಕೋನದ ಒಂದು ಹೊಟ್ಟೆ,
ಅದಕ್ಕೆ ಹೊಂದುವ ಬ್ಯಾಟರಿ ಈಗ
ಯಾವ ಕಾರ್ಖಾನೆಯಲ್ಲೂ ಹುಟ್ಟುವುದಿಲ್ಲ.
ಒಪ್ಪಂದ: ಅರ್ಧ ದುಡ್ಡು,
ಇನ್ನರ್ಧಕ್ಕೆ ಓದಾಲ್ಮಿಸ್‌ಳ ಅಮ್ಮನಿಗೆ
ಕೆಳದವಡೆ.

ಬಲದವನ ಪಕ್ಕ ಬಡವನನ್ನು ಕೂರಿಸುತ್ತಾಳೆ.
ಪ್ರತಿ ಪಂಕ್ತಿಯ ಮೊತ್ತ ಒಂದೇ ಬರಬೇಕು,
ಇಲ್ಲದಿದ್ದರೆ ಒಂದು ಸಾಲು ಮೊದಲು ದಣಿದು
ಉಳಿದ ಹನ್ನೆರಡನ್ನೂ ದಾರಿಯಲ್ಲಿ ನಿಲ್ಲಿಸುತ್ತದೆ.

ರಾತ್ರಿ ಎರಡೂ ನಲವತ್ತಕ್ಕೆ ಕರೆಂಟು ಬಂತು.
ಇಡೀ ಕಟ್ಟಡ ಎದ್ದಿತು: ನೀರಿನ ಮೋಟಾರು, ಇಸ್ತ್ರಿ, ಅನ್ನದ ಕುಕ್ಕರು.
ಇವಳು ಎಳೆದದ್ದು ಸತ್ತ ಮೈಕ್ರೋವೇವಿನ ಟ್ರಾನ್ಸ್‌ಫಾರ್ಮರು,
ಅದಕ್ಕೆ ಎರಡೇ ಸುತ್ತು ಹೆಬ್ಬೆರಳು ದಪ್ಪದ ತಂತಿ,
ಕಾಲಿಗೆ ಹೊಲಿಗೆ ಯಂತ್ರದ ಪೆಡಲು.
ನಿಕ್ಕಲ್ ಪಟ್ಟಿ ಇಟ್ಟು, ಒತ್ತಿ,
ಚಿಟ್.
ಕೆಳಮನೆಯ ಬಲ್ಬು ಕಣ್ಣು ಮಿಟುಕಿಸಿತು.
ಚಿಟ್.
‘ಓದಾಲ್ಮಿಸ್! ನನ್ನ ಫ್ರಿಜ್ಜು!’ ಸೆನೈದಾಳ ಕೂಗು.
ಚಿಟ್.
ರಂಗೋಲಿಗೆ ಮೊದಲು ಚುಕ್ಕಿ ಇಡುವವರ ಹಾಗೆ
ಬೆನ್ನು ಬಗ್ಗಿಸಿ, ಉಸಿರು ಬಿಗಿಹಿಡಿದು,
ಇನ್ನೂರ ಎಂಟು ಚುಕ್ಕಿ.

ಅವಳ ಮಾತಿನಲ್ಲಿ ಇವು ಬರೀ ಹೆಚ್ಚು ಮತ್ತು ಕಡಿಮೆ.
ನನ್ನ ಮಾತಿನಲ್ಲಿ ಒಂದು ತುದಿ ಧನ, ಇನ್ನೊಂದು ಋಣ.
ಒಬ್ಬರ ಧನದ ತಲೆಗೆ ಮುಂದಿನವರ ಋಣದ ಪಾದ,
ಹೀಗೆ ಕೊನೆಯವರೆಗೆ.
ಎರಡನ್ನೂ ನೇರ ಮುಟ್ಟಿಸಿದರೆ ಬೆಂಕಿ.
ಹೋದ ವರ್ಷ ಪಕ್ಕದ ಬೀದಿಯಲ್ಲಿ ಒಂದು ಮಂಚ ಸುಟ್ಟಿತ್ತು.
ನಡುವೆ ಬೇಕು ಒಂದು ಚಕ್ರ, ಒಬ್ಬನ ಮೈಭಾರ,
ಕಬ್ಬಿನ ಗದ್ದೆಗಳ ನಡುವಿನ ಉದ್ದ ರಸ್ತೆ.

ಐದು ಚುಕ್ಕಿ ಬಾಕಿಯಿದ್ದಾಗ ಕರೆಂಟು ಹೋಯಿತು.
ಬೈದಳು. ಯಾರನ್ನು ಎಂದು
ಕಟ್ಟಡದಲ್ಲಿ ಯಾರೂ ಕೇಳಲಿಲ್ಲ.

ಆ ಐದು, ಮಾರನೇ ದಿನ ಮಧ್ಯಾಹ್ನ.
ಆಮೇಲೆ ಕಾವಲು ಬೋರ್ಡು, ಅದರ ಕೂದಲೆಳೆಯ ತಂತಿಗಳು,
ಕಾಗದ, ಹಳದಿ ಟೇಪು, ನೀಲಿ ತೊಗಲು;
ಹೇರ್ ಡ್ರೈಯರಿನ ಬಿಸಿಗೆ ತೊಗಲು ಮೈಗಂಟಿತು.
ಮೀಟರು ನಲವತ್ತೇಳು ಎಂದಿತು.
ಅವಳು ಏನೂ ಅನ್ನಲಿಲ್ಲ. ಕಾಫಿ ಇದ್ದಿದ್ದರೆ ಕುಡಿಯುತ್ತಿದ್ದಳು.

ರೈನೇರಿಯೊ ಕೀಲಿ ತಿರುಗಿಸಿದ.
ಕ್ರೂಸೆಸ್‌ಗೆ ಹೋಗಿ ಬಂದ.
ಹನ್ನೊಂದನೇ ದಿನ ಬೂಟಿನ ಡಬ್ಬಿ ಹಿಡಿದು ಮಹಡಿ ಹತ್ತಿದ.

ಮತ್ತೆ ಕತ್ತಲು. ಟಾರ್ಚಿಗೂ ಸುಸ್ತು.
ಒಳಕೋಣೆಯಲ್ಲಿ ಅಮ್ಮ
ಹುರಿದ ಬಾಳೆಕಾಯಿ ಚೂರೊಂದನ್ನು
ಅನುಮಾನದಿಂದ ಬಾಯಿಗಿಟ್ಟಳು.
ಇಬ್ಬರೂ ಬಾಗಿಲಲ್ಲಿ ಕಿವಿಗೊಟ್ಟು ನಿಂತರು.

ಕಟುಂ.